2520 ಎಂಬ ‘ವಿಚಿತ್ರ ಸಂಖ್ಯೆ’, 823 ವರ್ಷಕ್ಕೊಮ್ಮೆ ಬರುವ ತಿಂಗಳು: ಈ ಫಾರ್ವರ್ಡ್‌ಗಳ ಲೆಕ್ಕ ಎಷ್ಟು ಸರಿ?

ವರ್ಷಕ್ಕೆ ಎರಡು ಮೂರು ಬಾರಿಯಾದರೂ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದು ಹೋಗುವ ಒಂದು ಸಂದೇಶವಿದೆ. ಅದರ ಸಾರ ಹೀಗಿದೆ: 2520 ನೋಡಲು ಮಾಮೂಲಿ ಸಂಖ್ಯೆ, ಆದರೆ ಅದು ಜಗತ್ತಿನ ಅತ್ಯಂತ ವಿಚಿತ್ರ ಸಂಖ್ಯೆ. 1ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಇಂಥ ಸಂಖ್ಯೆ ಇರಲು ಸಾಧ್ಯವೇ ಇಲ್ಲ ಎಂದು ಜಗತ್ತಿನ ಗಣಿತಜ್ಞರೆಲ್ಲ ಕೈಚೆಲ್ಲಿದ್ದಾಗ ನಮ್ಮ ಶ್ರೀನಿವಾಸ ರಾಮಾನುಜನ್ ಇದನ್ನು ಕಂಡುಹಿಡಿದರು. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು, ಇವನ್ನು ಗುಣಿಸಿದರೂ ಬರುವುದು 2520. ಕೊನೆಗೆ ‘ಹೆಮ್ಮೆಯ ಭಾರತೀಯರು ಶೇರ್ ಮಾಡಿ’.

ಇದರ ಜೊತೆಗೆ ಓಡಾಡುವ ಇನ್ನೊಂದು ಸಂದೇಶ ಕ್ಯಾಲೆಂಡರಿನದು. ಈ ತಿಂಗಳಲ್ಲಿ 5 ಶುಕ್ರವಾರ, 5 ಶನಿವಾರ, 5 ಭಾನುವಾರ ಇವೆ, ಇದು 823 ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ, ಚೀನೀ ಫೆಂಗ್‌ಶುಯಿ ಪ್ರಕಾರ ಇದಕ್ಕೆ ‘ಹಣದ ಚೀಲ’ ಎನ್ನುತ್ತಾರೆ, ಇಷ್ಟು ಜನರಿಗೆ ಕಳಿಸಿದರೆ ನಾಲ್ಕು ದಿನದಲ್ಲಿ ದುಡ್ಡು ಬರುತ್ತದೆ, ಕಳಿಸದಿದ್ದರೆ ಕೈ ಖಾಲಿ.

ಒಂದು ದೇಶಾಭಿಮಾನದ್ದು, ಇನ್ನೊಂದು ಆಸೆ ಮತ್ತು ಹೆದರಿಕೆಯದು. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ. ಆರು, ಏಳನೇ ತರಗತಿಯಲ್ಲಿ ನೀವು ಕಲಿತು ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟ ಮ.ಸಾ.ಅ. ಮತ್ತು ಲ.ಸಾ.ಅ. ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ. ಹೆಸರು ಭಾರವಾಗಿದೆ, ವಿಷಯ ಅಷ್ಟು ಭಾರವಲ್ಲ.

ಮೊದಲು 2520

ಸಂದೇಶದ ಮೊದಲ ಭಾಗ ನಿಜ. ಫೋನಿನ ಕ್ಯಾಲ್ಕ್ಯುಲೇಟರ್ ತೆರೆದು ನೀವೇ ನೋಡಬಹುದು. 2520ನ್ನು 7ರಿಂದ ಭಾಗಿಸಿದರೆ 360, 8ರಿಂದ ಭಾಗಿಸಿದರೆ 315, 9ರಿಂದ ಭಾಗಿಸಿದರೆ 280. ಎಲ್ಲಿಯೂ ಶೇಷವಿಲ್ಲ.

ಆದರೆ ‘ಇಂಥ ಸಂಖ್ಯೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದರು’ ಎನ್ನುವುದು ಸುಳ್ಳು. ಅದನ್ನು ತಿಳಿಯಲು ಯಾವ ಗ್ರಂಥವನ್ನೂ ತೆರೆಯಬೇಕಿಲ್ಲ. 1, 2, 3 ಎಂದು 10ರವರೆಗಿನ ಎಲ್ಲವನ್ನೂ ಒಂದಕ್ಕೊಂದು ಗುಣಿಸಿಬಿಡಿ, 36,28,800 ಬರುತ್ತದೆ. ಗುಣಿಸಿ ಮಾಡಿದ ಸಂಖ್ಯೆಯಾದ್ದರಿಂದ ಈ ಹತ್ತರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಉಳಿಯಲು ಸಾಧ್ಯವಿಲ್ಲ. ಹೀಗಾಗಿ ‘ಇಂಥದ್ದು ಇದೆಯೇ’ ಎಂಬುದು ಪ್ರಶ್ನೆಯೇ ಅಲ್ಲ. ‘ಇಂಥವುಗಳಲ್ಲಿ ಅತಿ ಚಿಕ್ಕದು ಯಾವುದು’ ಎಂಬುದು ಪ್ರಶ್ನೆ. ಅದರ ಉತ್ತರವೇ ಲಘುತ್ತಮ ಸಾಮಾನ್ಯ ಅಪವರ್ತ್ಯ.

ಅದನ್ನು ಹುಡುಕುವುದು ಹೇಗೆ? ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯ ತುಂಡುಗಳಾಗಿ ಬಿಡಿಸಿ. 8 ಎಂದರೆ 2×2×2. 9 ಎಂದರೆ 3×3. 6 ಎಂದರೆ 2×3. 10 ಎಂದರೆ 2×5. ಈಗ ಒಂದು ಡಬ್ಬಿಗೆ ಬೇಕಾದಷ್ಟೇ ತುಂಡುಗಳನ್ನು ಹಾಕೋಣ. 8ನ್ನು ತೃಪ್ತಿಪಡಿಸಲು ಮೂರು 2 ಬೇಕು. ಅವು ಬಿದ್ದ ಮೇಲೆ 2 ಮತ್ತು 4ಕ್ಕೆ ಪ್ರತ್ಯೇಕವಾಗಿ ಏನೂ ಬೇಡ. 9ಕ್ಕೆ ಎರಡು 3 ಬೇಕು. ಅದರೊಂದಿಗೆ 3ರ ಕೆಲಸ ಮುಗಿಯಿತು, 6ಕ್ಕೆ ಬೇಕಾದ ಒಂದು 2, ಒಂದು 3 ಕೂಡ ಡಬ್ಬಿಯಲ್ಲೇ ಇದೆ. ಇನ್ನು ಒಂದು 5, ಒಂದು 7. 10 ಪುಕ್ಕಟೆಯಾಗಿ ಬರುತ್ತದೆ, ಏಕೆಂದರೆ 2 ಮತ್ತು 5 ಎರಡೂ ಒಳಗಿವೆ. 8×9×5×7 ಎಷ್ಟು? 2520.

ಇಷ್ಟೇ ರಹಸ್ಯ. ಇದನ್ನು ದುಪ್ಪಟ್ಟು ಮಾಡಿದರೆ 5040, ಮೂರು ಪಟ್ಟು ಮಾಡಿದರೆ 7560, ಹೀಗೆ ಕೊನೆಯೇ ಇಲ್ಲದಷ್ಟು ಸಂಖ್ಯೆಗಳು 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುತ್ತವೆ. ಅಂದಹಾಗೆ 2520ರ ಮ್ಯಾಜಿಕ್ 11ಕ್ಕೆ ಬಂದಾಗ ನಿಂತುಹೋಗುತ್ತದೆ. 11 ಸೇರಬೇಕಾದರೆ 27,720 ಬೇಕು. ಅಲ್ಲಿ 12 ಮತ್ತೆ ಪುಕ್ಕಟೆ.

ವಾರ, ತಿಂಗಳು, ವರ್ಷಗಳ ಗುಣಾಕಾರವೂ ಸರಿಯಾಗಿಯೇ ಬರುತ್ತದೆ, ಆದರೆ ಅದಕ್ಕೆ ಕಾಲದ ಯಾವ ಗುಟ್ಟೂ ಕಾರಣವಲ್ಲ. 30ರಲ್ಲಿ 2, 3, 5 ಇವೆ. 12ರಲ್ಲಿ 2, 2, 3 ಇವೆ. ಜೊತೆಗೆ 7. ಒಟ್ಟು ನೋಡಿದರೆ ಮೂರು 2, ಎರಡು 3, ಒಂದು 5, ಒಂದು 7. ನಮ್ಮ ಡಬ್ಬಿಯಲ್ಲಿದ್ದ ಅದೇ ತುಂಡುಗಳು, ಬೇರೆ ಗುಂಪಾಗಿ. ಎಲ್ಲ ತಿಂಗಳಿಗೂ 30 ದಿನವಿಲ್ಲ ಎಂಬುದನ್ನು ಸಂದೇಶ ಬರೆದವರು ಸದ್ದಿಲ್ಲದೆ ಬದಿಗಿಟ್ಟಿದ್ದಾರೆ.

ರಾಮಾನುಜನ್ ನಿಜವಾಗಿ ಮಾಡಿದ್ದೇನು?

2520ಕ್ಕೂ ರಾಮಾನುಜನ್ ಅವರಿಗೂ ಸಂಬಂಧವೇ ಇಲ್ಲ ಎಂದರೆ ಅದೂ ತಪ್ಪಾಗುತ್ತದೆ. ಸಂಬಂಧವಿದೆ, ಆದರೆ ಫಾರ್ವರ್ಡ್ ಹೇಳುವಂಥದ್ದಲ್ಲ.

ಕೇಂಬ್ರಿಜ್‌ನಲ್ಲಿದ್ದಾಗ, 1915ರಲ್ಲಿ, ಅವರು ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ವಿಷಯ: ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳಿರುವ ಸಂಖ್ಯೆಗಳು. ಉದಾಹರಣೆಗೆ 12ಕ್ಕೆ 6 ಅಪವರ್ತನಗಳಿವೆ (1, 2, 3, 4, 6, 12). 12ಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟಿಲ್ಲ. 60ಕ್ಕೆ 12 ಅಪವರ್ತನಗಳು. ಈ ಸಾಲಿನಲ್ಲಿ 2520 ಕೂಡ ಬರುತ್ತದೆ, ಅದಕ್ಕೆ 48 ಅಪವರ್ತನಗಳಿವೆ. ಇಂಥ ಸಂಖ್ಯೆಗಳ ಒಳರಚನೆ ಹೇಗಿರಲೇಬೇಕು, ಅವು ಎಷ್ಟು ಅಂತರದಲ್ಲಿ ಸಿಗುತ್ತವೆ ಎಂಬುದನ್ನು ರಾಮಾನುಜನ್ ಸಾಧಿಸಿ ತೋರಿಸಿದರು. 67,46,32,83,88,800ರವರೆಗಿನ ಪಟ್ಟಿಯನ್ನೂ ಕೊಟ್ಟರು. ಕಂಪ್ಯೂಟರ್ ಇಲ್ಲದ ಕಾಲದ ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿದೆ ಎಂಬುದು ನಂತರ ಗೊತ್ತಾಯಿತು.

ಇದು ದೊಡ್ಡ ಕೆಲಸ. ಅದನ್ನು ಬಿಟ್ಟು, ಏಳನೇ ತರಗತಿಯ ಮಗು ಹತ್ತು ನಿಮಿಷದಲ್ಲಿ ಮಾಡಬಹುದಾದ ಲೆಕ್ಕವನ್ನು ಅವರ ಹೆಸರಿಗೆ ಹಚ್ಚುವುದು ಯಾವ ಬಗೆಯ ಹೆಮ್ಮೆಯೋ ನನಗೆ ಅರ್ಥವಾಗಿಲ್ಲ.

ಕಂಡುಹಿಡಿದವರು ಮೊದಲಿಗರೇ ಎಂಬ ಪ್ರಶ್ನೆಗೆ ಬಂದರೆ, ಗ್ರೀಸಿನ ಪ್ಲೇಟೋ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ತನ್ನ ‘ಲಾಸ್’ ಕೃತಿಯಲ್ಲಿ ಒಂದು ಆದರ್ಶ ನಗರಕ್ಕೆ 5040 ಕುಟುಂಬಗಳಿರಬೇಕು ಎಂದಿದ್ದಾನೆ. ಕಾರಣ? ಆ ಸಂಖ್ಯೆ 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುತ್ತದೆ, ಆದ್ದರಿಂದ ಭೂಮಿ ಹಂಚಲು, ತೆರಿಗೆ ವಿಧಿಸಲು, ಪಡೆ ಕಟ್ಟಲು ಅನುಕೂಲ. 5040 ಎಂದರೆ 2520ರ ದುಪ್ಪಟ್ಟು. ಪ್ಲೇಟೋನ ನಂತರ ಬಂದ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಏಳನೇ ಭಾಗದಲ್ಲಿ ಲ.ಸಾ.ಅ. ಮತ್ತು ಮ.ಸಾ.ಅ. ಎರಡನ್ನೂ ಹುಡುಕುವ ವಿಧಾನ ಕೊಟ್ಟಿದ್ದಾನೆ.

ಮಳಖೇಡದ ಕಾಲದ ‘ನಿರುದ್ಧ’

ಈ ವಿಷಯದಲ್ಲಿ ನಮ್ಮವರು ಯಾರೂ ಇಲ್ಲವೇ ಎಂದು ಬೇಸರವಾಗುವ ಓದುಗರಿಗೆ ಒಂದು ಹೆಸರು: ಮಹಾವೀರಾಚಾರ್ಯ. ಒಂಬತ್ತನೇ ಶತಮಾನದವರು. ಅವರ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ‘ಕವಿರಾಜಮಾರ್ಗ’ದ ಜೊತೆಗೆ ನಾವು ಶಾಲೆಯಲ್ಲಿ ಓದಿದ ಅದೇ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಅದರಲ್ಲಿ ಲ.ಸಾ.ಅ.ಕ್ಕೆ ‘ನಿರುದ್ಧ’ ಎಂಬ ಹೆಸರಿದೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳನ್ನು ಸುಮ್ಮನೆ ಗುಣಿಸುವ ಬದಲು, ಅವುಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನವನ್ನು ಹೊರತೆಗೆದು, ಉಳಿದ ಲಬ್ಧಗಳೊಂದಿಗೆ ಗುಣಿಸಿ ಎಂಬುದು ಅಲ್ಲಿನ ವಿಧಾನದ ತಿರುಳು. 12 ಮತ್ತು 18 ಎಂಬ ಛೇದಗಳಿದ್ದರೆ, ಸುಮ್ಮನೆ ಗುಣಿಸಿದಾಗ 216 ಬರುತ್ತದೆ. ಸಾಮಾನ್ಯವಾದ 6ನ್ನು ಹೊರತೆಗೆದರೆ 2 ಮತ್ತು 3 ಉಳಿಯುತ್ತವೆ. 6×2×3 ಎಂದರೆ 36. ಕೆಲಸ ಆರನೇ ಒಂದು ಭಾಗಕ್ಕೆ ಇಳಿಯಿತು. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎಡಗಡೆ ಗೆರೆ ಎಳೆದು, ಒಂದೊಂದೇ ಅಪವರ್ತನ ಬರೆದು ಕೆಳಗೆ ಇಳಿಸುತ್ತಿದ್ದರಲ್ಲ, ಬಹುತೇಕ ಅದೇ. ಭಿನ್ನರಾಶಿ ಕೂಡಲು ಲ.ಸಾ.ಅ. ಬಳಸಿದ ಮೊದಲ ಭಾರತೀಯ ಗಣಿತಜ್ಞ ಇವರೇ ಎಂದು ಗಣಿತದ ಇತಿಹಾಸಕಾರರು ಗುರುತಿಸುತ್ತಾರೆ. ಈ ಬಗ್ಗೆ ಒಂದು ಫಾರ್ವರ್ಡ್ ಕೂಡ ನನ್ನ ಫೋನಿಗೆ ಈವರೆಗೆ ಬಂದಿಲ್ಲ.

ಮ.ಸಾ.ಅ. ಎಲ್ಲಿ ಬರುತ್ತದೆ?

ಇಲ್ಲೇ ಬಂತು. ಮೇಲಿನ 6 ಇದೆಯಲ್ಲ, ಅದು 12 ಮತ್ತು 18ರ ಮಹತ್ತಮ ಸಾಮಾನ್ಯ ಅಪವರ್ತನ. ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ.

ಮನೆಯ ಉದಾಹರಣೆ ಬೇಕಾದರೆ, ಗೃಹಪ್ರವೇಶಕ್ಕೆ 48 ಲಾಡು, 36 ಬಾಳೆಹಣ್ಣು ತಂದಿದ್ದೀರಿ. ಎಲ್ಲ ತಾಂಬೂಲದ ಚೀಲಕ್ಕೂ ಸಮಾನವಾಗಿ ಹಾಕಬೇಕು, ಏನೂ ಮಿಗಬಾರದು. ಹೆಚ್ಚೆಂದರೆ ಎಷ್ಟು ಚೀಲ? ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 48ರಿಂದ 36 ಹೋದರೆ 12. ಈ 12 ಸರಿಯಾಗಿ 36ನ್ನು ಭಾಗಿಸುತ್ತದೆ. ಉತ್ತರ 12 ಚೀಲ, ಪ್ರತಿಯೊಂದರಲ್ಲಿ 4 ಲಾಡು, 3 ಬಾಳೆಹಣ್ಣು. ಹೀಗೆ ಕಳೆಯುತ್ತ (ಅಥವಾ ಭಾಗಿಸಿ ಶೇಷ ತೆಗೆಯುತ್ತ) ಹೋಗುವುದೇ ಯೂಕ್ಲಿಡ್‌ನ ವಿಧಾನ. ಎಷ್ಟು ದೊಡ್ಡ ಸಂಖ್ಯೆಗಳಿದ್ದರೂ ಅಪವರ್ತನಗಳನ್ನು ಹುಡುಕುವ ಗೋಜಿಲ್ಲದೆ ಇದು ಕೆಲಸ ಮಾಡುತ್ತದೆ. ಕಂಪ್ಯೂಟರ್‌ಗಳು ಇಂದಿಗೂ ಮ.ಸಾ.ಅ. ಹುಡುಕಲು ಇದೇ ದಾರಿಯನ್ನು ಬಳಸುತ್ತವೆ.

ಎರಡು ಸಂಖ್ಯೆಗಳನ್ನು ಗುಣಿಸಿ ಮ.ಸಾ.ಅ.ದಿಂದ ಭಾಗಿಸಿದರೆ ಲ.ಸಾ.ಅ. ಸಿಗುತ್ತದೆ. ಇದನ್ನು ಮರೆಯಬೇಡಿ, ಕೆಳಗೆ ಬರುವ ಎಲ್ಲ ‘ಇಷ್ಟು ವರ್ಷಕ್ಕೊಮ್ಮೆ’ ಕಥೆಗಳಿಗೂ ಇದೇ ಕೀಲಿ. ಚೀನೀಯರು ವರ್ಷಗಳಿಗೆ ಹೆಸರಿಡುವಾಗ 10 ಹೆಸರುಗಳ ಒಂದು ಸಾಲು, 12 ಹೆಸರುಗಳ ಮತ್ತೊಂದು ಸಾಲನ್ನು ಒಟ್ಟಿಗೆ ಓಡಿಸುತ್ತಾರೆ. ಜೋಡಿ ಮತ್ತೆ ಮೊದಲಿನಂತೆ ಕೂಡಲು 120 ವರ್ಷ ಬೇಕಿಲ್ಲ. 10 ಮತ್ತು 12ರ ನಡುವೆ 2 ಸಾಮಾನ್ಯವಾಗಿರುವುದರಿಂದ 60 ವರ್ಷಕ್ಕೇ ಚಕ್ರ ಮುಗಿಯುತ್ತದೆ. ಮಧ್ಯ ಅಮೆರಿಕದ ಮಾಯನ್ ಜನರಿಗೆ 260 ದಿನದ ಒಂದು ಪಂಚಾಂಗ, 365 ದಿನದ ಇನ್ನೊಂದು ಪಂಚಾಂಗ ಇತ್ತು. ಇವುಗಳ ಮ.ಸಾ.ಅ. 5, ಆದ್ದರಿಂದ ಲ.ಸಾ.ಅ. 18,980 ದಿನ, ಅಂದರೆ 365 ದಿನದ 52 ವರ್ಷ. 2012ರ ಡಿಸೆಂಬರ್ 21ಕ್ಕೆ ಪ್ರಳಯ ಎಂದು ಹೆದರಿಸಿದವರು ಹಿಡಿದುಕೊಂಡಿದ್ದು ಅವರದೇ ಇನ್ನೊಂದು ದೀರ್ಘ ಗಣನೆಯನ್ನು. ಸ್ಕೂಟರಿನ ಮೀಟರಿನಲ್ಲಿ ಒಂದು ಅಂಕಿ ಉರುಳಿ ಮುಂದಿನದು ಬರುವಂತೆ ಅಂದು ಒಂದು ಸುತ್ತು ಮುಗಿಯಿತು, ಮರುದಿನ ಎಣಿಕೆ ಮುಂದುವರಿಯಿತು.

823 ವರ್ಷದ ‘ಹಣದ ಚೀಲ’

ಈಗ ಕ್ಯಾಲೆಂಡರ್ ಸಂದೇಶ. 31 ದಿನದ ತಿಂಗಳಲ್ಲಿ ನಾಲ್ಕು ಪೂರ್ತಿ ವಾರಗಳು, ಮೇಲೆ 3 ದಿನ. ಆದ್ದರಿಂದ 31 ದಿನದ ಯಾವುದೇ ತಿಂಗಳಲ್ಲಿ ಮೊದಲ ಮೂರು ವಾರಗಳು ಐದೈದು ಸಲ ಬಂದೇ ಬರುತ್ತವೆ. 1ನೇ ತಾರೀಖು ಶುಕ್ರವಾರವಾಗಿದ್ದರೆ ಶುಕ್ರ, ಶನಿ, ಭಾನು. ಅಷ್ಟೇ.

ಇದು ಎಷ್ಟು ಅಪರೂಪ? 2010ರ ಅಕ್ಟೋಬರ್, 2011ರ ಜುಲೈ, 2013ರ ಮಾರ್ಚ್, 2014ರ ಆಗಸ್ಟ್, 2015ರ ಮೇ, 2023ರ ಡಿಸೆಂಬರ್, 2024ರ ಮಾರ್ಚ್, 2025ರ ಆಗಸ್ಟ್, 2026ರ ಮೇ. ಇವೆಲ್ಲವೂ ಶುಕ್ರವಾರ ಆರಂಭವಾದ 31 ದಿನದ ತಿಂಗಳುಗಳು, ಮತ್ತು ಇದು ಪೂರ್ಣ ಪಟ್ಟಿಯೂ ಅಲ್ಲ. 2027ರಲ್ಲಿ ಎರಡು ಸಲ ಬರುತ್ತದೆ, ಜನವರಿಯಲ್ಲಿ ಮತ್ತು ಅಕ್ಟೋಬರ್‌ನಲ್ಲಿ. 2018ರಂಥ ಕೆಲವು ವರ್ಷ ಮಾತ್ರ ಒಂದೂ ಇರುವುದಿಲ್ಲ. ಸಂದೇಶ ನಿಜವಾಗಿದ್ದರೆ ನಮ್ಮ ಮನೆಗಳಲ್ಲಿ ಹಣದ ಚೀಲ ಇಡಲು ಜಾಗವಿರುತ್ತಿರಲಿಲ್ಲ.

ಫೆಬ್ರವರಿಯದು ಇನ್ನೂ ತಮಾಷೆ. ‘ಈ ಫೆಬ್ರವರಿಯಲ್ಲಿ ಎಲ್ಲ ವಾರಗಳೂ ನಾಲ್ಕು ನಾಲ್ಕು ಸಲ ಬರುತ್ತವೆ, ಇದು 823 ವರ್ಷಕ್ಕೊಮ್ಮೆ’ ಎಂಬ ರೂಪವೂ ಇದೆ. 28 ಎಂದರೆ 7×4. ಅಧಿಕ ವರ್ಷವಲ್ಲದ ಎಲ್ಲ ಫೆಬ್ರವರಿಗಳೂ ಹಾಗೆಯೇ. 2026ರ ಫೆಬ್ರವರಿ ಭಾನುವಾರ ಆರಂಭವಾಗಿ ಶನಿವಾರ ಮುಗಿಯುವುದರಿಂದ ಕ್ಯಾಲೆಂಡರಿನಲ್ಲಿ ಚೊಕ್ಕ ಆಯತದಂತೆ ಕಾಣುತ್ತದೆ, ನೋಡಲು ಚೆಂದ. ಆದರೆ 2015, 2009, 1998ರಲ್ಲಿಯೂ ಹಾಗೇ ಇತ್ತು, 2037ರಲ್ಲಿ ಮತ್ತೆ ಬರುತ್ತದೆ.

ಇನ್ನು 823 ಎಂಬ ಅಂಕಿ. ಇದನ್ನು ತಳ್ಳಿಹಾಕಲು ತಿಂಗಳುಗಳ ಪಟ್ಟಿಯೇ ಬೇಡ, ಒಂದು ಭಾಗಾಕಾರ ಸಾಕು. ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ ಶತಮಾನದ ವರ್ಷವಾಗಿದ್ದರೆ 400ರಿಂದ ಭಾಗವಾಗಬೇಕು. ಹೀಗೆ 400 ವರ್ಷಗಳಲ್ಲಿ 97 ಅಧಿಕ ವರ್ಷಗಳು. ಒಟ್ಟು ದಿನ 1,46,097. ಇದನ್ನು 7ರಿಂದ ಭಾಗಿಸಿ: ಸರಿಯಾಗಿ 20,871 ವಾರ, ಶೇಷ ಸೊನ್ನೆ. ಅಂದರೆ 400 ವರ್ಷ ಕಳೆದ ಮೇಲೆ ತಾರೀಖು, ವಾರ ಎರಡೂ ಚಾಚೂ ತಪ್ಪದೆ ಮೊದಲಿನಿಂದ ಶುರು. ತಾರೀಖು ಮತ್ತು ವಾರಕ್ಕೆ ಸಂಬಂಧಿಸಿದ ಎಂಥ ಅಪರೂಪದ ಜೋಡಣೆಯಾದರೂ 400 ವರ್ಷದೊಳಗೆ ಮರಳಲೇಬೇಕು. 823 ವರ್ಷ ಕಾಯಿಸಲು ಈ ಕ್ಯಾಲೆಂಡರಿಗೆ ಶಕ್ತಿಯೇ ಇಲ್ಲ.

2025ರಿಂದ 823 ವರ್ಷ ಹಿಂದೆ ಹೋದರೆ 1202. ಆಗ ಇಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳ ಆಳುತ್ತಿದ್ದ. ಗ್ರೆಗೋರಿಯನ್ ಕ್ಯಾಲೆಂಡರ್ ಹುಟ್ಟಿದ್ದು 1582ರಲ್ಲಿ.

1947 ಮತ್ತು 2025 ಒಂದೇ ಕ್ಯಾಲೆಂಡರ್?

ಇದು ನಿಜ. 1947ರ ಆಗಸ್ಟ್ 15 ಶುಕ್ರವಾರ, 2025ರ ಆಗಸ್ಟ್ 15 ಕೂಡ ಶುಕ್ರವಾರ. ವರ್ಷಪೂರ್ತಿ ಎರಡೂ ಹೊಂದುತ್ತವೆ. ಎರಡನೇ ಮಹಾಯುದ್ಧದ 1941 ಕೂಡ 2025ರಂತೆಯೇ ಇದೆ ಎಂದು ಹೆದರಿಸುವ ಸಂದೇಶಗಳಲ್ಲಿ ಹೊಂದಾಣಿಕೆಯ ಮಾತು ಸರಿ, ಹೆದರಿಕೆಗೆ ಕಾರಣವಿಲ್ಲ. ಏಕೆಂದರೆ 1958, 1969, 1975, 1986, 1997, 2003, 2014 ಎಲ್ಲವೂ ಅದೇ ಕ್ಯಾಲೆಂಡರ್. ಆ ವರ್ಷಗಳಲ್ಲೆಲ್ಲ ಮಹಾಯುದ್ಧವೂ ಆಗಲಿಲ್ಲ, ಸ್ವಾತಂತ್ರ್ಯವೂ ಬರಲಿಲ್ಲ.

ಜನವರಿ 1 ಏಳು ವಾರಗಳಲ್ಲಿ ಒಂದರಂದು ಬರಬೇಕು, ವರ್ಷ ಸಾಮಾನ್ಯ ಅಥವಾ ಅಧಿಕ ಆಗಿರಬೇಕು. ಆದ್ದರಿಂದ ಜಗತ್ತಿನಲ್ಲಿ ಇರುವುದೇ 14 ಬಗೆಯ ಕ್ಯಾಲೆಂಡರ್. ವರ್ಷಕ್ಕೆ 365 ದಿನ, ಅಂದರೆ 52 ವಾರ ಮತ್ತು 1 ದಿನ; ಹೀಗೆ ಪ್ರತಿ ವರ್ಷ ವಾರ ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಅಧಿಕ ವರ್ಷ ದಾಟಿದಾಗ ಎರಡು ಹೆಜ್ಜೆ. ಅಧಿಕ ವರ್ಷದ ಚಕ್ರ 4, ವಾರದ ಚಕ್ರ 7. ಇವೆರಡಕ್ಕೂ 1 ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ, ಹಾಗಾಗಿ ಲ.ಸಾ.ಅ. 28. ಪ್ರತಿ 28 ವರ್ಷಕ್ಕೆ ಎಲ್ಲವೂ ಮರಳುತ್ತದೆ. 1941ಕ್ಕೂ 2025ಕ್ಕೂ ಅಂತರ 84, ಅಂದರೆ 28ರ ಮೂರು ಪಟ್ಟು. ಸಾಮಾನ್ಯ ವರ್ಷಗಳಿಗೆ ಈ 28ರ ನಡುವೆಯೂ 6 ಅಥವಾ 11 ವರ್ಷಕ್ಕೊಮ್ಮೆ ಜೋಡಿ ಸಿಗುತ್ತದೆ. ಅಧಿಕ ವರ್ಷಕ್ಕೆ ಆ ಭಾಗ್ಯವಿಲ್ಲ, ಅದು 28 ವರ್ಷ ಕಾಯಲೇಬೇಕು. 2024ರ ಕ್ಯಾಲೆಂಡರ್ 1996ರದೇ. ಅದನ್ನು ಎತ್ತಿಟ್ಟಿದ್ದರೆ 2052ರಲ್ಲಿ ಗೋಡೆಗೆ ತೂಗುಹಾಕಬಹುದು (ಹಬ್ಬಗಳ ತಾರೀಖು ಮಾತ್ರ ಹೊಂದುವುದಿಲ್ಲ). 2100 ಅಧಿಕ ವರ್ಷವಲ್ಲದ ಕಾರಣ ಅಲ್ಲಿ ಈ ಸರಪಳಿ ತುಂಡಾಗುತ್ತದೆ.

221 ವರ್ಷಕ್ಕೊಮ್ಮೆ: ಇದು ಮಾತ್ರ ನಿಜ

‘ಇಷ್ಟು ವರ್ಷಕ್ಕೊಮ್ಮೆ’ ಎಂದವರೆಲ್ಲ ಸುಳ್ಳರಲ್ಲ. 2024ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಜೀರುಂಡೆ ತಂಡಗಳು ಒಟ್ಟಿಗೆ ನೆಲದಿಂದ ಮೇಲೆ ಬಂದವು, ಹಿಂದೆ ಹೀಗಾದದ್ದು 1803ರಲ್ಲಿ ಎಂಬ ಸುದ್ದಿ ನೀವು ನೋಡಿರಬಹುದು. ಅದು ಸರಿ. ಈ ಜೀರುಂಡೆಗಳ ಮರಿಗಳು ವರ್ಷಗಟ್ಟಲೆ ಮಣ್ಣಿನಡಿ ಬೇರಿನ ರಸ ಹೀರುತ್ತ ಇದ್ದು, ನಿಗದಿಯಾದ ವರ್ಷದಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಒಮ್ಮೆಗೇ ಹೊರಬರುತ್ತವೆ. ಒಂದು ತಂಡದ ಅವಧಿ 13 ವರ್ಷ, ಇನ್ನೊಂದರದು 17. ಎರಡೂ ಅವಿಭಾಜ್ಯ ಸಂಖ್ಯೆಗಳು, ಸಾಮಾನ್ಯ ಅಪವರ್ತನವಿಲ್ಲ, ಲ.ಸಾ.ಅ. 13×17, ಅಂದರೆ 221. 1803ಕ್ಕೆ 221 ಕೂಡಿ ನೋಡಿ.

ಅವಧಿಗಳು 12 ಮತ್ತು 18 ಆಗಿದ್ದರೆ 36 ವರ್ಷಕ್ಕೇ ಭೇಟಿಯಾಗುತ್ತಿತ್ತು. ಬೇಟೆಯಾಡುವ ಪ್ರಾಣಿಗಳ ಏರಿಳಿತದ ಚಕ್ರದೊಂದಿಗೆ ಪದೇ ಪದೇ ಸೇರದಂತೆ, ಅಥವಾ ಬೇರೆ ಅವಧಿಯ ತಂಡಗಳೊಂದಿಗೆ ಬೆರೆಯದಂತೆ ಈ ಅವಿಭಾಜ್ಯ ಅವಧಿಗಳು ವಿಕಾಸವಾಗಿರಬಹುದು ಎಂಬ ವಾದಗಳಿವೆ. ವಾದಗಳು ಮಾತ್ರ, ತೀರ್ಮಾನವಾಗಿಲ್ಲ. ನಮ್ಮ ದೇಶದಲ್ಲೂ ಇಂಥದ್ದೊಂದಿದೆ. ಮೇಘಾಲಯದ ರಿ ಭೋಯ್ ಜಿಲ್ಲೆಯ ಒಂದು ಜೀರುಂಡೆ ನಾಲ್ಕು ವರ್ಷಕ್ಕೊಮ್ಮೆ ಹೊರಬರುತ್ತದೆ. ಫುಟ್‌ಬಾಲ್ ವಿಶ್ವಕಪ್ಪಿನ ವರ್ಷವೂ ಅದೇ ಆದ್ದರಿಂದ ‘ವಿಶ್ವಕಪ್ ಜೀರುಂಡೆ’ ಎಂಬ ಅಡ್ಡಹೆಸರು ಬಿದ್ದಿದೆ. 4 ಮತ್ತು 4ರ ಲ.ಸಾ.ಅ. 4, ಯಾವಾಗಲೂ ಒಟ್ಟಿಗೆ.

ನಿಮ್ಮ ಕೈಯಲ್ಲಿರುವ ಸ್ಕ್ರೀನು

ಫೋನಿನ ಜಾಹೀರಾತಿನಲ್ಲಿ ‘120 ಹರ್ಟ್ಸ್’ ಎಂದು ಬರೆದಿರುತ್ತಾರಲ್ಲ, ಸೆಕೆಂಡಿಗೆ 120 ಸಲ ಚಿತ್ರ ಹೊಸದಾಗುತ್ತದೆ ಎಂದರ್ಥ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದು. 60 ಹರ್ಟ್ಸ್ ಸ್ಕ್ರೀನಿನಲ್ಲಿ 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲಾಗುವುದಿಲ್ಲ, ಹಾಗಾಗಿ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಸಣ್ಣ ತಡವರಿಕೆ ಕಾಣುವುದು ಇದರಿಂದ. 24 ಮತ್ತು 60ರ ಲ.ಸಾ.ಅ. 120. ಅಲ್ಲಿ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಸಲ. ಸೆಕೆಂಡಿಗೆ 30, 60ರ ವಿಡಿಯೋಗಳೂ ಅದರಲ್ಲಿ ಸಲೀಸಾಗಿ ಕೂರುತ್ತವೆ. 90 ಹರ್ಟ್ಸ್‌ನಲ್ಲಿ 30 ಕೂರುತ್ತದೆ, 24 ಕೂರುವುದಿಲ್ಲ.

ಸಂವತ್ಸರ ಮತ್ತು ಗುರು-ಶನಿ ಭೇಟಿ

ಅರವತ್ತು ತುಂಬಿದಾಗ ಷಷ್ಟ್ಯಬ್ದಿ ಮಾಡುತ್ತಾರೆ. 1965ರ ಯುಗಾದಿಗೆ ಆರಂಭವಾದದ್ದು ವಿಶ್ವಾವಸು ಸಂವತ್ಸರ, 2025ರ ಯುಗಾದಿಗೂ ಅದೇ. ಹುಟ್ಟಿದ ಸಂವತ್ಸರ ಮರಳಿ ಬಂತು. ಈ 60ರ ಹಿಂದೆಯೂ ಲ.ಸಾ.ಅ. ಇದೆ ಎಂದು ವಿವರಿಸುವುದುಂಟು. ಗುರು ಸುಮಾರು 12 ವರ್ಷಕ್ಕೆ ಒಂದು ಸುತ್ತು, ಶನಿ ಸುಮಾರು 30 ವರ್ಷಕ್ಕೆ. 12 ಮತ್ತು 30ರ ಲ.ಸಾ.ಅ. 60.

ಇಲ್ಲೊಂದು ಸೂಕ್ಷ್ಮವಿದೆ, ಶಾಲೆಯಲ್ಲೂ ಮಕ್ಕಳು ಎಡವುವುದು ಇಲ್ಲೇ. 60 ವರ್ಷ ಎನ್ನುವುದು ಇಬ್ಬರೂ ಹೊರಟ ಜಾಗದಲ್ಲೇ ಮತ್ತೆ ಸೇರುವ ಅವಧಿ. ಎಲ್ಲಿಯಾದರೂ ಸರಿ, ಭೇಟಿಯಾದರೆ ಸಾಕು ಎಂದರೆ ಅದು 20 ವರ್ಷಕ್ಕೊಮ್ಮೆ ಆಗುತ್ತದೆ. ಮೈದಾನದ ಸುತ್ತ ಓಡುವ ಇಬ್ಬರಲ್ಲಿ ವೇಗದವನು ನಿಧಾನದವನನ್ನು ಬೇರೆ ಬೇರೆ ತಿರುವಿನಲ್ಲಿ ಹಿಂದೆ ಹಾಕುವಂತೆ. ವರ್ಷಕ್ಕೆ ಗುರು ಸುತ್ತಿನ 60ರಲ್ಲಿ 5 ಭಾಗ, ಶನಿ 2 ಭಾಗ ನಡೆಯುತ್ತಾರೆ ಎಂದುಕೊಳ್ಳಿ. ವ್ಯತ್ಯಾಸ 3 ಭಾಗ. 60 ಭಾಗದ ಪೂರ್ತಿ ಸುತ್ತು ಮುನ್ನಡೆ ಸಿಗಲು 20 ವರ್ಷ.

ಆದರೆ ನಿಜವಾದ ಅವಧಿ 12 ಅಲ್ಲ, 11.86 ವರ್ಷ. 30 ಅಲ್ಲ, 29.46. ಲ.ಸಾ.ಅ. ಇರುವುದು ಪೂರ್ಣ ಸಂಖ್ಯೆಗಳಿಗೆ. ಗ್ರಹಗಳು ಪೂರ್ಣ ಸಂಖ್ಯೆಯಲ್ಲಿ ಸುತ್ತುವುದಿಲ್ಲ. ಆದ್ದರಿಂದ ‘ಎಲ್ಲ ಗ್ರಹಗಳೂ ಸರಿಯಾಗಿ ಇಂತಿಷ್ಟು ವರ್ಷಕ್ಕೊಮ್ಮೆ ಒಂದೇ ಗೆರೆಯಲ್ಲಿ’ ಎಂಬ ಮಾತು ಬಂದರೆ ಅಲ್ಲೇ ಅನುಮಾನ ಪಡಬಹುದು. ನಮ್ಮ ಹಳೆಯ ಖಗೋಳಶಾಸ್ತ್ರಜ್ಞರಿಗೆ ಈ ತೊಂದರೆ ಗೊತ್ತಿತ್ತು. 499ರ ಆರ್ಯಭಟ 43,20,000 ವರ್ಷಗಳ ಒಂದು ಯುಗವನ್ನು ಹಿಡಿದು, ಅದರಲ್ಲಿ ಗುರು 3,64,224 ಸುತ್ತು, ಶನಿ 1,46,564 ಸುತ್ತು ಎಂದು ಪೂರ್ಣ ಸಂಖ್ಯೆಗಳಲ್ಲಿ ಕೊಟ್ಟ. ಅಂದರೆ ಎಲ್ಲರ ಲೆಕ್ಕವೂ ಶೇಷವಿಲ್ಲದೆ ಮುಗಿಯುವಷ್ಟು ದೊಡ್ಡ ಒಂದು ಸಾಮಾನ್ಯ ಅವಧಿ. ಭಾಗಿಸಿ ನೋಡಿದರೆ ಗುರುವಿಗೆ 11.86 ವರ್ಷ, ಶನಿಗೆ 29.48 ಬರುತ್ತದೆ.

2020ರ ಡಿಸೆಂಬರ್ 21ರ ಗುರು-ಶನಿ ಸಮಾಗಮವನ್ನು ‘400 ವರ್ಷಕ್ಕೊಮ್ಮೆ’, ‘800 ವರ್ಷಕ್ಕೊಮ್ಮೆ’ ಎಂದು ಹಂಚಿದ್ದು ಅರ್ಧ ಸತ್ಯ. ಭೇಟಿ ಸುಮಾರು 20 ವರ್ಷಕ್ಕೊಮ್ಮೆ ಆಗುತ್ತಲೇ ಇರುತ್ತದೆ. ಅಷ್ಟು ಹತ್ತಿರ ಬಂದದ್ದು ಮಾತ್ರ 1623ರ ನಂತರ ಅದೇ ಮೊದಲು. 1623ರಲ್ಲಿ ಅವು ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ಕಾಣುವುದು ಕಷ್ಟವಿತ್ತು, ಕಣ್ಣಿಗೆ ಚೆನ್ನಾಗಿ ಕಂಡದ್ದು 1226ರಲ್ಲಿ. ಮುಂದಿನ ಸಮಾಗಮ 2040ರಲ್ಲಿದೆ, 2020ರಷ್ಟೇ ಹತ್ತಿರದ್ದನ್ನು ನೋಡಬೇಕಾದರೆ 2080ರವರೆಗೆ ಕಾಯಬೇಕು.